ಮಾತು ಬಾರದ ಕೂಸಿನ ರೋಗವನ್ನು ಅರಿಯುವ ಬಗೆ

ಬೆಳೆದವನಿಗೆ ನೋವಾದರೆ ಬಾಯಿಬಿಟ್ಟು ಹೇಳುತ್ತಾನೆ. ಐದಾರು ವರ್ಷದ ಬಾಲಕನು ನೋವಿರುವ ಕಡೆ ಬೆರಳಿಟ್ಟು ತೋರಿಸುತ್ತಾನೆ. ಹುಟ್ಟಿ ಹತ್ತು ದಿನವಾದ ಶಿಶುವಿಗಾದರೋ ಅಳುವೊಂದೇ ಭಾಷೆ. ರೋಗವು ಉಲ್ಬಣಿಸಿದಾಗ ಆ ಭಾಷೆಯೂ ನಿಂತುಹೋಗುತ್ತದೆ. ಮಗು ಈ ದಿನ ಬಹಳ ಶಾಂತವಾಗಿದೆಯೆಂದು ಮನೆಯವರು ಸಂತೋಷಪಡುವ ಹೊತ್ತೇ ಕೆಲವು ಸಲ ಅತ್ಯಂತ ಅಪಾಯದ ಹೊತ್ತಾಗಿರುವುದುಂಟು. ಆದಕಾರಣ ಶಿಶುರೋಗಗಳ ವಿಷಯದಲ್ಲಿ ಮೊದಲ ಭಾರವು ವೈದ್ಯನ ಮೇಲಲ್ಲ, ಮನೆಯವರ ಮೇಲೆಯೇ ಬಿದ್ದಿರುತ್ತದೆ. ಇಂಥದೇ ರೋಗವೆಂದು ನಿರ್ಣಯಿಸುವುದು ವೈದ್ಯನ ಕೆಲಸ. ರೋಗವಿರಬಹುದೆಂದು ಶಂಕಿಸಿ, ಹೊತ್ತು ಮೀರುವ ಮೊದಲೇ ಕೂಸನ್ನು ವೈದ್ಯನ ಬಳಿಗೆ ಮುಟ್ಟಿಸುವುದು ಗೃಹಸ್ಥನ ಕೆಲಸ. ಈ ಎರಡನೆಯ ಕೆಲಸವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಬಯಸುವೆವು.

ನಾವು ಮುಖ್ಯವಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿರುವೆವು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದರಲ್ಲಿ ಸೇರಿದವು. ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿಯು ಅನಂತರ ಬೇರೆ ತಾಲ್ಲೂಕಾಯಿತು. ಸೂಳೆಕೆರೆಯ ನೀರನ್ನುಂಡು ಬೆಳೆಯುವ ಚನ್ನಗಿರಿಯ ತೋಟಗಳೆಲ್ಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಹೊಲಗಳೆಲ್ಲಿ! ಆದರೂ ಒಂದು ವಿಷಯದಲ್ಲಿ ಈ ನಾಲ್ಕೂ ಸೀಮೆಗಳು ಸಮಾನವಾಗಿವೆ. ಊರಿಗೆ ಸಮೀಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದ್ದರೂ, ರೋಗಪೀಡಿತವಾದ ನವಜಾತ ಶಿಶುವನ್ನು ಹಗಲಿರುಳೂ ಕಾಯತಕ್ಕ ದೊಡ್ಡ ಆಸ್ಪತ್ರೆಗಳು ದಾವಣಗೆರೆಯಲ್ಲಿ ಅಥವಾ ಶಿವಮೊಗ್ಗೆಯಲ್ಲಿ ಇವೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ, ಬಾಪೂಜಿ ಮಕ್ಕಳ ಆಸ್ಪತ್ರೆಗೋ, ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಗೋ ಹೋಗಬೇಕಾದರೆ ಹತ್ತಾರು ಮೈಲಿಗಳ ದಾರಿ. ದಾರಿಯ ಉದ್ದವನ್ನು ನಾವು ಕಡಿಮೆ ಮಾಡಲಾರೆವು. ಹೊರಡುವುದಕ್ಕೆ ಮುಂಚೆ ಮನೆಯಲ್ಲಿ ಕಳೆಯುವ ಕಾಲವನ್ನು ಮಾತ್ರ ಕಡಿಮೆ ಮಾಡಬಲ್ಲೆವು.

ನಮ್ಮ ಪ್ರಾಚೀನರು ಈ ಕಷ್ಟವನ್ನು ಅರಿಯದವರಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೆಂಬುದೂ ಒಂದು. ಅದಕ್ಕೆ ಮೀಸಲಾದ ಕಾಶ್ಯಪಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಒಂದು ಪ್ರಕರಣವಿದೆ. ಮಾತನಾಡಲಾರದ ಮಗುವಿನ ಚೇಷ್ಟೆಗಳಿಂದ ಅದರ ನೋವನ್ನು ಊಹಿಸುವುದು ಹೇಗೆಂಬುದೇ ಅದರ ವಿಷಯ. ಸುಶ್ರುತಸಂಹಿತೆಯು ಒಂಬತ್ತು ಬಾಲಗ್ರಹಗಳನ್ನು ಹೆಸರಿಸುತ್ತದೆ. ಅಲ್ಲಿ ಹೇಳಿರುವ ಚಿಹ್ನೆಗಳನ್ನು ನೋಡಿದರೆ, ಮೊಲೆಯನ್ನೊಲ್ಲದಿರುವುದು, ಸೆಳೆತ, ಮೈಯ ವಿಕಾರ ಮುಂತಾದವನ್ನು ಹಿಂದಿನವರು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ಹೊಳೆಯುತ್ತದೆ. ಕಣ್ಣಿಗೆ ಕಾಣದ ಕಾರಣಕ್ಕೆ ಅವರು ಗ್ರಹವೆಂಬ ಹೆಸರಿಟ್ಟರು. ಇಂದು ಆ ಕಾರಣಗಳಲ್ಲಿ ಬಹುಭಾಗವು ಸೂಕ್ಷ್ಮದರ್ಶಕದಲ್ಲಿ ಕಾಣುವ ರೋಗಾಣುಗಳೆಂದು ತಿಳಿದಿದೆ. ಲಕ್ಷಣವನ್ನು ನೋಡುವ ಹಿರಿಯರ ಕಣ್ಣನ್ನು ನಾವು ಉಳಿಸಿಕೊಳ್ಳೋಣ. ಚಿಕಿತ್ಸೆಯನ್ನು ಇಂದಿನ ಜ್ಞಾನದಿಂದ ಪಡೆಯೋಣ. ಇವೆರಡಕ್ಕೂ ವಿರೋಧವಿಲ್ಲ.

ಇನ್ನು ಲಕ್ಷಣಗಳ ವಿಚಾರ. ಹುಟ್ಟಿದಂದಿನಿಂದ ಎರಡು ತಿಂಗಳವರೆಗಿನ ಕೂಸಿನಲ್ಲಿ ಮನೆಯವರು ಗಮನಿಸತಕ್ಕ ಚಿಹ್ನೆಗಳು ಕೆಲವೇ. ಮೊದಲನೆಯದು, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಕೂಸು ಕುಡಿಯುವುದನ್ನು ಬಿಡುವುದು ಅಥವಾ ಚೀಪಲಾರದೆ ಸೋಲುವುದು. ಎರಡನೆಯದು, ಮೈ ಬಿಸಿಯಾಗುವುದು ಇಲ್ಲವೆ ತಣ್ಣಗಾಗುವುದು. ಕಂಕುಳಲ್ಲಿ ಉಷ್ಣಮಾಪಕವನ್ನಿಟ್ಟಾಗ ೯೯.೫ ಡಿಗ್ರಿ ಫಾರನ್‌ಹೀಟನ್ನು ಮುಟ್ಟಿದರೂ ಅಪಾಯ, ಸುಮಾರು ೯೬ಕ್ಕಿಂತ ಕೆಳಗಿಳಿದರೂ ಅಪಾಯ. ರೋಗವೆಂದರೆ ಜ್ವರವೇ ಬರಬೇಕೆಂದು ನಂಬಿದವರು ಈ ತಣ್ಣಗಾಗುವಿಕೆಯನ್ನು ಕಡೆಗಣಿಸುವರು. ಎಳೆಯ ಶಿಶುವಿನಲ್ಲಿ ಸೋಂಕು ಈ ರೂಪದಿಂದಲೂ ತೋರುವುದೆಂಬುದನ್ನು ಮರೆಯತಕ್ಕದ್ದಲ್ಲ. ಮೂರನೆಯದು, ಮುಟ್ಟಿ ಎಬ್ಬಿಸಿದ ಹೊರತು ಕೈಕಾಲಾಡಿಸದ ಜಡತೆ. ನಾಲ್ಕನೆಯದು, ಸೆಳೆತ. ಐದನೆಯದು ಉಸಿರಾಟ: ನಿಮಿಷಕ್ಕೆ ೬೦ ಸಲ ಅಥವಾ ಅದಕ್ಕಿಂತ ಹೆಚ್ಚಾಗಿ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗವು ಗುಳಿಬಿದ್ದು ಒಳಸೇರುವುದು, ನರಳುವಂಥ ಸದ್ದು. ಹೊಕ್ಕುಳಿನ ಸುತ್ತ ಕೆಂಪಾಗಿ ಕೀವು ಬರುವುದು, ಅಂಗೈ ಅಂಗಾಲುಗಳವರೆಗೆ ಹಳದಿ ಬಣ್ಣ ಹಬ್ಬುವುದು, ಇವೂ ಲಕ್ಷಿಸತಕ್ಕವೇ. ಇವುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕಾಗಿ ಕಾಯಬಾರದು.

ಉಸಿರನ್ನು ಎಣಿಸುವುದು ಬಲ್ಲವರಿಗೆ ಬಹು ಸುಲಭ. ಮಗು ಅಳದೆ, ಹಾಲು ಕುಡಿಯದೆ, ನೆಮ್ಮದಿಯಿಂದಿರುವಾಗ ಅಂಗಿಯನ್ನು ಮೇಲೆತ್ತಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಹೊಟ್ಟೆ ಮೇಲೇಳುವುದನ್ನು ಒಂದು ಪೂರ್ಣ ನಿಮಿಷ ಎಣಿಸಬೇಕು. ಎಣಿಕೆ ೬೦ ಮುಟ್ಟಿದರೆ ಮತ್ತೊಮ್ಮೆ ಎಣಿಸಿ ನಿಶ್ಚಯಿಸಬೇಕು. ಎರಡು ತಿಂಗಳು ಕಳೆದ ಮಗುವಿಗೆ ವರ್ಷ ತುಂಬುವವರೆಗೆ ೫೦, ಅಲ್ಲಿಂದ ಐದು ವರ್ಷದವರೆಗೆ ೪೦, ಇವು ಎಲ್ಲೆಗಳು. ಕೆಮ್ಮು ನೆಗಡಿಯಿರುವ ಮಗುವಿನ ಉಸಿರು ಈ ಎಲ್ಲೆಯನ್ನು ಮುಟ್ಟಿದರೆ ಅದು ಬರಿಯ ನೆಗಡಿಯಲ್ಲ, ಶ್ವಾಸಕೋಶದ ಉರಿಯೂತವಾದ ನ್ಯುಮೋನಿಯಾ ಇರಬಹುದೆಂದು ತಿಳಿಯಬೇಕು. ಒಂದರಿಂದ ಅರವತ್ತರವರೆಗೆ ಎಣಿಸಬಲ್ಲ ಅಕ್ಕನೂ ಅಣ್ಣನೂ ಮನೆಯಲ್ಲಿರುವಾಗ ಈ ಪರೀಕ್ಷೆಗೆ ಬೇರೆ ಪಾಂಡಿತ್ಯವೇನು ಬೇಕು?

ಇಷ್ಟು ಅವಸರವೇತಕ್ಕೆಂದು ಕೆಲವರು ಕೇಳಬಹುದು. ಬೆಳೆದವರ ಮೈಯು ರೋಗಾಣುವನ್ನು ಒಂದು ಕಡೆ ಅಡ್ಡಗಟ್ಟಿ ನಿಲ್ಲಿಸಬಲ್ಲದು. ನವಜಾತ ಶಿಶುವಿನ ಮೈಗೆ ಆ ಬಲವಿನ್ನೂ ಬಂದಿರುವುದಿಲ್ಲ. ಹೊಕ್ಕುಳಿನಿಂದಲೋ ಚರ್ಮದಿಂದಲೋ ಒಳಹೊಕ್ಕ ರೋಗಾಣುಗಳು ರಕ್ತವನ್ನು ಸೇರಿ ಕೆಲವೇ ಗಂಟೆಗಳಲ್ಲಿ ಸರ್ವಾಂಗಕ್ಕೂ ಹಬ್ಬಬಹುದು. ಮಿದುಳಿನ ಪೊರೆಯನ್ನೂ ಮುಟ್ಟಬಹುದು. ದೊಡ್ಡವರಲ್ಲಿ ಮಿದುಳಿನ ಪೊರೆ ಕೆರಳಿದರೆ ಕುತ್ತಿಗೆ ಸೆಟೆದುಕೊಳ್ಳುವುದು ವಾಡಿಕೆ. ಕೂಸಿನಲ್ಲಿ ಆ ಗುರುತು ಕಾಣದೆಯೇ ಇರಬಹುದು. ನೆತ್ತಿಯು ಉಬ್ಬುವುದು, ಕೀರಲು ದನಿಯ ಅಳು, ಮಂಪರು, ಸೆಳೆತ, ಇಷ್ಟೇ ಸುಳಿವು. ಆಸ್ಪತ್ರೆಯಲ್ಲಿ ವೈದ್ಯರು ರಕ್ತವನ್ನು ತೆಗೆದು ಅದರಲ್ಲಿ ರೋಗಾಣು ಬೆಳೆಯುವುದೇ ಎಂದು ನೋಡುವರು. ಬೇಕೆನಿಸಿದರೆ ಬೆನ್ನುಹುರಿಯ ದ್ರವವನ್ನೂ ಪರೀಕ್ಷಿಸುವರು. ರಕ್ತದ ಪರೀಕ್ಷೆಯ ಫಲ ತಿಳಿಯಲು ಒಂದೆರಡು ದಿನಗಳು ಹಿಡಿಯುವುದರಿಂದ ಅದಕ್ಕಾಗಿ ಕಾಯದೆ ಔಷಧವನ್ನು ಆರಂಭಿಸುವರು. ಇದನ್ನು ತಿಳಿಯದವರು, ರೋಗವೇನೆಂದು ಗೊತ್ತಾಗುವ ಮೊದಲೇ ಸೂಜಿ ಚುಚ್ಚಿದರೆಂದು ಆಕ್ಷೇಪಿಸುವುದುಂಟು. ಬೆಂಕಿ ಬಿದ್ದ ಮನೆಯಲ್ಲಿ ಕಿಡಿ ಎಲ್ಲಿಂದ ಬಂತೆಂದು ವಿಚಾರಿಸುವುದಕ್ಕೆ ಮೊದಲು ನೀರು ಸುರಿಯುವುದಿಲ್ಲವೆ? ಹಾಗೆಯೇ, ಎರಡು ದಿನಕ್ಕೆ ಮಗು ಚೇತರಿಸಿತೆಂದು ಔಷಧವನ್ನು ಅರ್ಧಕ್ಕೆ ಬಿಡಿಸಿಕೊಂಡು ಬರುವುದೂ ಸಲ್ಲದು.

ಇಂಥ ಗಳಿಗೆಯಲ್ಲಿ ನಮ್ಮ ಕಡೆ ಕಾಲವನ್ನು ನುಂಗುವ ರೂಢಿಗಳು ಕೆಲವುಂಟು. ಮಗು ಹಾಲು ಬಿಟ್ಟರೆ ದೃಷ್ಟಿಯಾಯಿತೆಂದು ನಿವಾಳಿಸಿ ಬೆಳಗಾಗುವವರೆಗೆ ಕಾಯುವರು. ದೃಷ್ಟಿ ತೆಗೆಯುವುದಕ್ಕೆ ನಾವು ಅಡ್ಡಬರುವುದಿಲ್ಲ. ಗಾಡಿ ಬರುವಷ್ಟರಲ್ಲಿ ತೆಗೆದು ಮುಗಿಸಲಿ. ಆದರೆ ಎಳೆಯ ಮೈಗೆ ಬರೆ ಹಾಕುವ ಪದ್ಧತಿಯನ್ನು ಮಾತ್ರ ಯಾವ ಮಾತಿನಿಂದಲೂ ಸಮರ್ಥಿಸಲಾಗದು. ಬೆಂದ ಚರ್ಮವು ಹೊಸ ಸೋಂಕಿಗೆ ತೆರೆದ ಬಾಗಿಲು. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚುವುದರಿಂದ ಧನುರ್ವಾಯುವಿನ ಬೀಜವು ಒಳಸೇರಬಹುದು. ಹೊಕ್ಕುಳು ತಾನಾಗಿ ಒಣಗಿ ಬೀಳುವವರೆಗೆ ಅದನ್ನು ಶುಚಿಯಾಗಿ, ಒಣದಾಗಿ ಬಿಡುವುದೇ ಸರಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಹುಟ್ಟಿದ ಗಂಟೆಯೊಳಗೆ ತಾಯಿಯ ಮೊದಲ ಹಾಲು, ಆರು ತಿಂಗಳವರೆಗೆ ತಾಯಿಹಾಲೊಂದೇ, ಕೂಸನ್ನೆತ್ತಿಕೊಳ್ಳುವ ಮುನ್ನ ಸಾಬೂನಿನಿಂದ ಕೈ ತೊಳೆಯುವುದು, ಮಗುವನ್ನು ಬೆಚ್ಚಗಿಡುವುದು, ತೂಕ ಕಡಿಮೆಯಿದ್ದರೆ ತಾಯಿಯ ಎದೆಗೆ ಮೈತಾಗುವಂತೆ ಒರಗಿಸಿಡುವುದು. ಇವೆಲ್ಲ ಕಾಸಿಲ್ಲದ ರಕ್ಷೆಗಳು. ಬಾಣಂತಿಯ ಕೋಣೆಗೆ ನೆಂಟರೆಲ್ಲರೂ ಬಂದು ಕೂಸಿಗೆ ಮುತ್ತಿಡುವುದು ಪ್ರೀತಿಯೇ ಆದರೂ, ಕೆಮ್ಮಿರುವವರು ಆ ಪ್ರೀತಿಯನ್ನು ಬಾಗಿಲಾಚೆಯಿಂದಲೇ ತೋರಿಸಲಿ.

ಮತ್ತೊಂದು ರೂಢಿಯೆಂದರೆ ದಡಾರವನ್ನು ಅಮ್ಮ ಬಂದಳೆಂದು ಕರೆದು ವೈದ್ಯರಿಗೆ ತೋರಿಸದಿರುವುದು. ಈ ಹೆಸರು ಸಿಡುಬಿನ ಕಾಲದಿಂದ ಬಂದದ್ದು. ನಮ್ಮ ದೇಶದಲ್ಲಿ ಸಿಡುಬಿನ ವಿರುದ್ಧ ಹಸುವಿನ ಮೈಲಿಯನ್ನು ಮೊದಲು ಹಾಕಿಸಿಕೊಂಡವಳು ಮುಂಬಯಿಯ ಮೂರು ವರ್ಷದ ಒಂದು ಹೆಣ್ಣುಮಗು. ಅದು ೧೮೦೨ರ ಮಾತು. ೧೯೮೦ರಲ್ಲಿ ಸಿಡುಬು ಜಗತ್ತಿನಿಂದಲೇ ತೊಲಗಿತೆಂದು ಸಾರಲಾಯಿತು. ಆ ಅಮ್ಮನು ಹೋದಳು. ಹೆಸರು ಮಾತ್ರ ದಡಾರಕ್ಕೆ ಅಂಟಿಕೊಂಡು ಉಳಿಯಿತು. ಜ್ವರ, ಕೆಮ್ಮು, ಕೆಂಪು ಕಣ್ಣು, ಅನಂತರ ಮೈಮೇಲೆ ಕೆಂಪು ಗುಳ್ಳೆ, ಇದು ದಡಾರದ ಕ್ರಮ. ಗುಳ್ಳೆಗಳಿಂದ ಸಾಯುವವರಿಲ್ಲ; ಅದರ ಬೆನ್ನಿಗೆ ಬರುವ ನ್ಯುಮೋನಿಯಾ, ಭೇದಿಗಳಿಂದ ಸಾವೂ, ಎ ಜೀವಸತ್ವದ ಕೊರತೆಯಿರುವ ಮಕ್ಕಳಲ್ಲಿ ಕುರುಡೂ ಸಂಭವಿಸುವುವು. ಲಸಿಕೆಯಿಲ್ಲದವರ ನಡುವೆ ದಡಾರವಿರುವ ಒಂದು ಮಗುವಿನಿಂದ ಹನ್ನೆರಡರಿಂದ ಹದಿನೆಂಟು ಜನಕ್ಕೆ ಅದು ಹರಡಬಲ್ಲದು. ಬೇವಿನ ಸೊಪ್ಪು ಬಾಗಿಲಲ್ಲಿರಲಿ. ಮಗು ವೈದ್ಯರ ಮುಂದಿರಲಿ. ಗಂಟಲುಮಾರಿಯೂ ಮರೆತುಬಿಡತಕ್ಕ ರೋಗವಲ್ಲ. ಗಂಟಲೊಳಗೆ ಬೂದಿಬಣ್ಣದ ಪೊರೆ ಕಟ್ಟಿ, ಕುತ್ತಿಗೆ ಊದಿ, ಉಸಿರು ಕಟ್ಟುವ ಆ ರೋಗಕ್ಕೆ ಪ್ರತಿವಿಷವನ್ನು ಬೇಗ ಕೊಟ್ಟಷ್ಟೂ ಜೀವದ ಆಸೆ ಹೆಚ್ಚು.

ಬರುವ ರೋಗವನ್ನು ಗುರುತಿಸುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ನಾವು ಅಧ್ಯಾಪನವೃತ್ತಿಗೆ ಸೇರಿದ ಕಾಲದಲ್ಲಿ ಪೋಲಿಯೊದಿಂದ ಕಾಲು ಸೋತ ಮಕ್ಕಳು ತರಗತಿಗಳಲ್ಲಿ ಕಾಣಸಿಗುತ್ತಿದ್ದರು. ಕೆಲಸದಿಂದ ಬಿಡುವಾಗುವ ಹೊತ್ತಿಗೆ ಅಂಥ ಹೊಸ ಮಕ್ಕಳು ಬರುವುದೇ ನಿಂತುಹೋಗಿತ್ತು. ಭಾರತದಲ್ಲಿ ಆ ಕಾಡುರೋಗದ ಕೊನೆಯ ಪ್ರಕರಣ ಕಂಡದ್ದು ೨೦೧೧ರ ಜನವರಿಯಲ್ಲಿ. ೨೦೧೪ರಲ್ಲಿ ದೇಶವು ಪೋಲಿಯೊಮುಕ್ತವೆನಿಸಿತು. ಗರ್ಭಿಣಿಯರಿಗೆ ಕೊಟ್ಟ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆಗಳ ಫಲವಾಗಿ ನವಜಾತರ ಧನುರ್ವಾಯುವು ನಿವಾರಣೆಯ ಮಟ್ಟಕ್ಕಿಳಿಯಿತೆಂದು ೨೦೧೫ರಲ್ಲಿ ದೃಢಪಟ್ಟಿತು. ೧೯೭೧ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ೧೨೯ ಮಕ್ಕಳು ವರ್ಷ ತುಂಬುವ ಮೊದಲೇ ಅಳಿಯುತ್ತಿದ್ದರು. ೨೦೨೦ರಲ್ಲಿ ಆ ಸಂಖ್ಯೆ ೨೮ಕ್ಕಿಳಿಯಿತು. ಇಷ್ಟಾದರೂ ಆ ಇಪ್ಪತ್ತೆಂಟು ಎಂಬುದು ಅಂಕಿಯಲ್ಲ, ಇಪ್ಪತ್ತೆಂಟು ಬರಿದಾದ ತೊಟ್ಟಿಲು.

ಲಸಿಕೆಗಳ ಕ್ರಮವನ್ನು ಪಂಚಾಂಗದಂತೆ ಮನೆಯಲ್ಲಿ ತಿಳಿದಿರಬೇಕು. ಹುಟ್ಟಿದಾಗ ಕ್ಷಯಕ್ಕೆ ಬಿ.ಸಿ.ಜಿ., ಪೋಲಿಯೊ ಹನಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಹೆಪಟೈಟಿಸ್ ಬಿ. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೊದಲಾದ ಐದು ರೋಗಗಳನ್ನು ತಡೆಯುವ ಪಂಚಸಂಯೋಗದ ಲಸಿಕೆ. ಅದರೊಡನೆ ಪೋಲಿಯೊ ಮತ್ತು ಭೇದಿಯನ್ನು ತಡೆಯುವ ರೋಟಾ ಹನಿಗಳು. ನ್ಯುಮೋನಿಯಾವನ್ನು ತಡೆಯುವ ಲಸಿಕೆ ಆರು, ಹದಿನಾಲ್ಕನೆಯ ವಾರಗಳಲ್ಲಿ ಮತ್ತು ಒಂಬತ್ತು ತಿಂಗಳಿಗೆ. ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೊಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಮತ್ತೊಮ್ಮೆ. ಎರಡನೆಯ ಸಲ ಹಾಕಿಸದೆ ಬಿಡುವವರು ಅಡಿಪಾಯ ಕಟ್ಟಿ ಚಾವಣಿ ಹೊದಿಸದವರಂತೆ. ೨೦೧೭ರಲ್ಲಿ ಈ ದಡಾರದ ಲಸಿಕೆಯ ಆಂದೋಲನವು ಕರ್ನಾಟಕದ ಶಾಲೆಗಳಲ್ಲಿ ನಡೆದಾಗ ದೂರವಾಣಿಗಳಲ್ಲಿ ಹಬ್ಬಿದ ವದಂತಿಯನ್ನು ನಂಬಿ ಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಂಡ ತಂದೆತಾಯಿಗಳನ್ನು ನಾವು ಬಲ್ಲೆವು. ಚುಚ್ಚುಮದ್ದಿನಿಂದ ಒಂದೆರಡು ದಿನ ಜ್ವರವೂ ನೋವೂ ಬರುವುದುಂಟು. ಅದು ಮೈಯು ಪಾಠವನ್ನು ಕಲಿಯುತ್ತಿರುವುದರ ಗುರುತು.

ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ, ಅಥವಾ ನ್ಯಾಮತಿ, ಹೊನ್ನಾಳಿಗಳ ತಾಂಡಾಗಳಿಂದ ಕೂಲಿಗೆಂದು ಗುಳೆ ಹೋಗುವ ಸಂಸಾರಗಳ ಮಕ್ಕಳಿಗೇ ಲಸಿಕೆಗಳು ತಪ್ಪುವ ಭಯ ಹೆಚ್ಚು. ಅಂಥವರಿಗೆ ನಮ್ಮ ಮಾತು ಇದು: ರೊಟ್ಟಿಯ ಗಂಟಿನೊಡನೆ ತಾಯಿ ಕಾರ್ಡನ್ನೂ ಕಟ್ಟಿಕೊಳ್ಳಿ. ಯಾವ ಊರಿನ ಸರ್ಕಾರಿ ಕೇಂದ್ರದಲ್ಲಾದರೂ ಮುಂದಿನ ಲಸಿಕೆ ದೊರೆಯುತ್ತದೆ. ನಡುವೆ ಒಂದು ತಪ್ಪಿದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಊರಲ್ಲಿರುವ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಸಲ ಬರುವ ಏರ್ಪಾಡಿದೆ. ಆಕೆಯನ್ನು ಹೊಸಲಲ್ಲಿಯೇ ಮಾತನಾಡಿಸಿ ಕಳುಹಿಸದೆ, ಒಳಗೆ ಕರೆದು ಕೂಸನ್ನು ತೋರಿಸಿ. ೨೦೦೮ರಿಂದ ಕರ್ನಾಟಕದಲ್ಲಿ ೧೦೮ನ್ನು ಕರೆದರೆ ಗಾಡಿ ಬರುತ್ತದೆ. ೨೦೧೧ರ ಜನನಿ-ಶಿಶು ಸುರಕ್ಷಾ ಯೋಜನೆಯ ಮೇರೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಷ್ಠ ಶಿಶುವಿನ ಚಿಕಿತ್ಸೆಗೂ ಸಾಗಣೆಗೂ ಹಣ ಕೊಡಬೇಕಾಗಿಲ್ಲ. ಹೊರಟಾಗ ಕೂಸಿಗೆ ಟೊಪ್ಪಿಗೆ ಹಾಕಿ ತಾಯಿಯ ಎದೆಗೆ ಬೆಚ್ಚಗೆ ಅಪ್ಪಿಸಿ, ಕುಡಿಯಬಲ್ಲದಾದರೆ ದಾರಿಯುದ್ದಕ್ಕೂ ಹಾಲೂಡಿಸುತ್ತ ಸಾಗಬೇಕು.

ನಾಮಕರಣಕ್ಕೆ ಶುಭಮುಹೂರ್ತವನ್ನು ಹುಡುಕುವ ನಾವು ಚಿಕಿತ್ಸೆಗೆ ಮುಹೂರ್ತ ಕೇಳಬಾರದು. ಅಮಾವಾಸ್ಯೆಯಾಗಲಿ, ಮಂಗಳವಾರವಾಗಲಿ, ನಡುರಾತ್ರಿಯಾಗಲಿ, ಕೂಸು ಹಾಲು ಬಿಟ್ಟ ಗಳಿಗೆಯೇ ಹೊರಡತಕ್ಕ ಗಳಿಗೆ. ಈ ಒಂದು ಮಾತನ್ನು ಅತ್ತೆಯು ಸೊಸೆಗೂ ತಂದೆಯು ಮಗನಿಗೂ ಹೇಳಿಟ್ಟರೆ ನಮ್ಮ ಈ ಬರಹವು ಸಾರ್ಥಕವಾಯಿತೆಂದು ತಿಳಿಯುವೆವು.