ಹದಿನೆಂಟು ಸೋಲು, ಹತ್ತೊಂಬತ್ತು ವರ್ಷ

ಅಮೆರಿಕದ ಮಿನಿಯಾಪೊಲಿಸ್ ನಗರದ ಬೇಸ್‌ಬಾಲ್ ತಂಡ ಮಿನೆಸೋಟ ಟ್ವಿನ್ಸ್. 2004ರ ಅಕ್ಟೋಬರ್ 6ರಿಂದ 2020ರ ಸೆಪ್ಟೆಂಬರ್ 30ರವರೆಗೆ ಅದು ಆಡಿದ 18 ಪ್ಲೇಆಫ್ ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಈ ಅವಧಿಯಲ್ಲಿ ಏಳು ಬಾರಿ ಪ್ಲೇಆಫ್‌ಗೆ ಬಂದು, ಏಳೂ ಬಾರಿ ಮೊದಲ ಸುತ್ತಿನಲ್ಲೇ ಮನೆಗೆ ಮರಳಿತು. ಉತ್ತರ ಅಮೆರಿಕದ ಬೇಸ್‌ಬಾಲ್, ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ ಪ್ರಮುಖ ಲೀಗ್‌ಗಳಲ್ಲಿ ಬೇರೆ ಯಾವ ತಂಡವೂ ಪ್ಲೇಆಫ್‌ನಲ್ಲಿ ಸತತವಾಗಿ ಇಷ್ಟು ಪಂದ್ಯ ಸೋತದ್ದಿಲ್ಲ. ಆ ಹದಿನೆಂಟರಲ್ಲಿ 13 ಸೋಲು ಒಂದೇ ತಂಡದ ಕೈಯಲ್ಲಿ ಆದದ್ದು: ನ್ಯೂಯಾರ್ಕ್ ಯಾಂಕೀಸ್.

ಈ ಸೋಲಿನ ನೋವು ತಿಳಿಯಬೇಕಾದರೆ ಬೇಸ್‌ಬಾಲ್ ಸೀಸನ್ನಿನ ಉದ್ದ ಗೊತ್ತಿರಬೇಕು. ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 162. ಮಿನೆಸೋಟದಲ್ಲಿ ಚಳಿ ಇನ್ನೂ ಬಿಟ್ಟಿರದ ಮಾರ್ಚ್ ಕೊನೆಯಲ್ಲಿ ಶುರುವಾಗುವ ಆಟ ಸೆಪ್ಟೆಂಬರ್ ಮುಗಿಯುವವರೆಗೆ ಹೆಚ್ಚುಕಡಿಮೆ ದಿನವೂ ನಡೆಯುತ್ತದೆ. ಅಡುಗೆಮನೆಯ ರೇಡಿಯೊದಲ್ಲಿ, ಕೆಲಸ ಮುಗಿಸಿ ಮನೆಗೆ ಹೋಗುವ ಕಾರಿನಲ್ಲಿ, ಮಲಗುವ ಮುನ್ನ ಟಿ.ವಿ.ಯಲ್ಲಿ ಅದೇ ಆಟಗಾರರು, ಅದೇ ವೀಕ್ಷಕ ವಿವರಣೆಗಾರರ ದನಿ. ಆರು ತಿಂಗಳು ದಿನವೂ ಮನೆಗೆ ಬರುತ್ತಿದ್ದ ನೆಂಟರು ಹೇಳದೆ ಕೇಳದೆ ಹೊರಟುಹೋದರೆ ಹೇಗೋ ಹಾಗೆ ಅಕ್ಟೋಬರ್‌ನ ಮೊದಲ ವಾರ ಎಲ್ಲವೂ ನಿಂತುಬಿಡುತ್ತದೆ. ಬೇಗ ಹೊರಬಿದ್ದ ತಂಡದ ಅಭಿಮಾನಿಗೆ ಕಪ್ ಕೈತಪ್ಪಿದ್ದಕ್ಕಿಂತ ಈ ಖಾಲಿ ಸಂಜೆಗಳೇ ಹೆಚ್ಚು ಕಾಡುತ್ತವೆ. ಎದುರಿಗೆ ಐದು ತಿಂಗಳ ಹಿಮಗಾಲ ಇರುವ ಊರಿನಲ್ಲಂತೂ ಇನ್ನೂ ಹೆಚ್ಚು.

ಇಷ್ಟು ಉದ್ದದ ಸೀಸನ್ನಿನ ಫಲವನ್ನು ಮೂರು ಅಥವಾ ಐದು ಪಂದ್ಯಗಳ ಕೈಗೆ ಕೊಡುವ ಪದ್ಧತಿ ಮೊದಲಿನಿಂದ ಇದ್ದದ್ದಲ್ಲ. 1903ರಲ್ಲಿ ವಿಶ್ವ ಸರಣಿ ಶುರುವಾದ ಮೇಲೆ ಹಲವು ದಶಕಗಳ ಕಾಲ ಎರಡು ಲೀಗ್‌ಗಳಲ್ಲಿ ಮೊದಲ ಸ್ಥಾನ ಪಡೆದ ಎರಡು ತಂಡಗಳು ನೇರವಾಗಿ ಅಂತಿಮ ಹಣಾಹಣಿಗೆ ಇಳಿಯುತ್ತಿದ್ದವು. 1969ರಲ್ಲಿ ಲೀಗ್‌ಗಳನ್ನು ವಿಭಾಗಗಳಾಗಿ ಒಡೆದಾಗ ನಡುವೆ ಒಂದು ಸುತ್ತು ಸೇರಿತು. 1995ರಿಂದ ಎಂಟು ತಂಡ, 2012ರಿಂದ ಹತ್ತು, 2022ರಿಂದ ಹನ್ನೆರಡು. ಈಗಿನ ನಿಯಮದಲ್ಲಿ ಮೊದಲ ಸುತ್ತು ಮೂರು ಪಂದ್ಯಗಳದ್ದು, ಎರಡನೆಯದು ಐದರದ್ದು, ಆಮೇಲಿನ ಎರಡೂ ಏಳರವು. ಪ್ರತಿ ಲೀಗ್‌ನ ಮೊದಲ ಎರಡು ತಂಡಗಳಿಗೆ ಮೊದಲ ಸುತ್ತಿನಿಂದ ವಿನಾಯಿತಿ. ಬಾಗಿಲು ಅಗಲವಾದಷ್ಟೂ ಒಳಗೆ ಬರುವವರು ಹೆಚ್ಚು, ಬೇಗ ಹೊರಗೆ ಹೋಗುವವರೂ ಹೆಚ್ಚು.

ಬೇಸ್‌ಬಾಲ್‌ನಲ್ಲಿ ಬಲ್ಲಿದನೂ ಆಗಾಗ ಸೋಲುತ್ತಾನೆ. ಹತ್ತರಲ್ಲಿ ಮೂರು ಬಾರಿ ಚೆಂಡನ್ನು ಸರಿಯಾಗಿ ಬಾರಿಸಿ ಬೇಸ್ ತಲುಪುವ ಬ್ಯಾಟರ್ ಇಲ್ಲಿ ಶ್ರೇಷ್ಠ. ಹತ್ತರಲ್ಲಿ ಆರು ಪಂದ್ಯ ಗೆಲ್ಲುವ ತಂಡ ಇಡೀ ಲೀಗ್‌ನ ಅಗ್ರಪಂಕ್ತಿಯಲ್ಲಿರುತ್ತದೆ. ಎದುರಾಳಿಯನ್ನು ಹತ್ತರಲ್ಲಿ ಆರು ಬಾರಿ ಸೋಲಿಸಬಲ್ಲ ತಂಡವೊಂದು ಮೂರು ಪಂದ್ಯಗಳ ಸರಣಿ ಗೆಲ್ಲುವ ಸಾಧ್ಯತೆ ಸುಮಾರು ಶೇ 65, ಐದರದ್ದು ಶೇ 68, ಏಳರದ್ದು ಶೇ 71. ಅಂದರೆ ನಿಜವಾಗಿ ಮೇಲಾದ ತಂಡವೂ ಪ್ರತಿ ಮೂರು ಸರಣಿಗೆ ಹೆಚ್ಚುಕಡಿಮೆ ಒಂದನ್ನು ಕಳೆದುಕೊಳ್ಳುತ್ತದೆ. 2001ರಲ್ಲಿ 116 ಪಂದ್ಯ ಗೆದ್ದ ಸಿಯಾಟಲ್ ಮ್ಯಾರಿನರ್ಸ್ ವಿಶ್ವ ಸರಣಿಯನ್ನೇ ಕಾಣಲಿಲ್ಲ. 2022ರಲ್ಲಿ 111 ಗೆದ್ದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್, ತನಗಿಂತ 22 ಗೆಲುವು ಹಿಂದಿದ್ದ ಸ್ಯಾನ್ ಡಿಯಾಗೊ ಪಾಡ್ರೆಸ್ ಎದುರು ನಾಲ್ಕೇ ಪಂದ್ಯಗಳಲ್ಲಿ ಮುಗಿಯಿತು. ಮರುವರ್ಷ ನೂರು ಗೆಲುವಿನ ಗಡಿ ಮುಟ್ಟಿದ ಅಟ್ಲಾಂಟ, ಬಾಲ್ಟಿಮೋರ್, ಲಾಸ್ ಏಂಜಲೀಸ್ ಮೂರೂ ತಂಡಗಳು ತಮ್ಮ ಮೊದಲ ಸರಣಿಯಲ್ಲೇ ಹೊರಬಿದ್ದವು. ಮೂರೂ ಸೇರಿ ಗೆದ್ದದ್ದು ಒಂದೇ ಪಂದ್ಯ.

ಹೀಗಿರುವಾಗ ಒಂದು ಸರಣಿಯ ಸೋಲನ್ನು ಅದೃಷ್ಟದ ಲೆಕ್ಕಕ್ಕೆ ಬರೆದು ಸುಮ್ಮನಾಗಬಹುದು. ಹದಿನೆಂಟನ್ನು ಬರೆಯುವುದು ಕಷ್ಟ. ನಾಣ್ಯ ಚಿಮ್ಮಿದಂತೆ ಸಮಬಲದ ಆಟವೆಂದು ಹಿಡಿದರೆ ಸತತ 18 ಸೋಲಿನ ಸಾಧ್ಯತೆ 2,62,144ಕ್ಕೆ ಒಂದು. ಟ್ವಿನ್ಸ್ ಪ್ರತಿ ಪಂದ್ಯದಲ್ಲೂ ಸ್ಪಷ್ಟವಾಗಿ ದುರ್ಬಲವಾಗಿತ್ತು, ಹತ್ತರಲ್ಲಿ ನಾಲ್ಕೇ ಗೆಲ್ಲಬಲ್ಲದಾಗಿತ್ತು ಎಂದುಕೊಂಡರೂ ಸುಮಾರು ಹತ್ತು ಸಾವಿರಕ್ಕೆ ಒಂದು. ಆದ್ದರಿಂದಲೇ ಮಿನೆಸೋಟದ ಅಭಿಮಾನಿಗಳು ಪ್ರತಿ ಸೋಲಿನ ನಂತರವೂ ಅದೇ ಪ್ರಶ್ನೆಗೆ ಮರಳುತ್ತಿದ್ದರು: ಇದರಲ್ಲಿ ವಿಧಿಯ ಪಾಲೆಷ್ಟು, ಮನುಷ್ಯರು ಮಾಡಿಕೊಂಡದ್ದೆಷ್ಟು?

ಸರಪಳಿಯ ಮೊದಲ ಕೊಂಡಿ ಎರಡಕ್ಕೂ ಸೇರಿದ್ದು. 2004ರ ಅಕ್ಟೋಬರ್ 5ರಂದು ವೆನೆಜುವೆಲಾದ ಪಿಚರ್ ಯೊಹಾನ್ ಸಂಟಾನ ಬಲದಿಂದ ಟ್ವಿನ್ಸ್ ನ್ಯೂಯಾರ್ಕ್‌ನಲ್ಲಿ 2–0ರಿಂದ ಗೆದ್ದಿತ್ತು. ಮರುರಾತ್ರಿ 12ನೇ ಇನಿಂಗ್ಸ್‌ನಲ್ಲಿ ಟೋರಿ ಹಂಟರ್ ಹೋಮ್ ರನ್ ಬಾರಿಸಿದಾಗ 6–5ರ ಮುನ್ನಡೆ. ಯಾಂಕೀಸ್ ಕೊನೆಯ ಸರದಿಯಲ್ಲಿ ಎರಡು ರನ್ ಗಳಿಸಿ 7–6ರಿಂದ ಗೆದ್ದುಕೊಂಡಿತು. 2006ರಲ್ಲಿ ಓಕ್ಲೆಂಡ್ ಎದುರು ಮೂರಕ್ಕೆ ಮೂರೂ ಸೋಲು.

ಅತಿ ಹೆಚ್ಚು ಚರ್ಚೆಯಾದದ್ದು 2009ರ ಅಕ್ಟೋಬರ್ 9ರ ರಾತ್ರಿ. ಯಾಂಕೀ ಕ್ರೀಡಾಂಗಣದಲ್ಲಿ 11ನೇ ಇನಿಂಗ್ಸ್, 3–3ರ ಸಮ. ಬ್ಯಾಟಿಂಗ್‌ನಲ್ಲಿ ಜೋ ಮಾವರ್. ಟ್ವಿನ್ಸ್ ಊರಿನ ಪಕ್ಕದ ಸೇಂಟ್ ಪಾಲ್‌ನಲ್ಲೇ ಹುಟ್ಟಿ ಬೆಳೆದ, ಆ ವರ್ಷದ ಲೀಗ್‌ನ ಅತ್ಯುತ್ತಮ ಆಟಗಾರ. ಅವನು ಹೊಡೆದ ಚೆಂಡು ಎಡಗಡೆಯ ಕ್ಷೇತ್ರರಕ್ಷಕನ ಗ್ಲೌಸಿಗೆ ತಾಗಿ, ಗೆರೆಯ ಒಳಗೆ ಸ್ಪಷ್ಟವಾಗಿ ಬಿದ್ದು, ಪುಟಿದು ಪ್ರೇಕ್ಷಕರ ನಡುವೆ ಹೋಯಿತು. ಅಲ್ಲೇ ಹತ್ತಿರ ನಿಂತಿದ್ದ ಅಂಪೈರ್ ಅದನ್ನು ಫೌಲ್ ಎಂದರು. ಎರಡು ಬೇಸ್ ಸಿಗಬೇಕಿದ್ದ ಹೊಡೆತ ಲೆಕ್ಕಕ್ಕಿಲ್ಲದಾಯಿತು. ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ತಿದ್ದುವ ನಿಯಮ ಆಗ ಇರಲಿಲ್ಲ. ಅದು ಬಂದದ್ದು 2014ರಲ್ಲಿ. ಮಾವರ್ ಮತ್ತೆ ಬ್ಯಾಟ್ ಹಿಡಿದು ಮೊದಲ ಬೇಸ್ ತಲುಪಿದ. ಅವನ ಹಿಂದೆ ಬಂದವರೂ ತಲುಪಿ, ಒಬ್ಬರೂ ಔಟಾಗದೆ ಮೂರೂ ಬೇಸ್ ತುಂಬಿದವು. ಆದರೂ ಟ್ವಿನ್ಸ್ ಒಂದು ರನ್ನನ್ನೂ ಗಳಿಸಲಿಲ್ಲ. ಮಾರ್ಕ್ ಟೆಷೇರಾ ಹೋಮ್ ರನ್ ಬಾರಿಸಿ ಪಂದ್ಯ ಮುಗಿಸಿದ. ಅಂಪೈರ್ ತಪ್ಪು ಮಾಡಿದರೆಂಬುದು ನಿಜ. ಮೂರು ಬೇಸ್ ತುಂಬಿದ್ದಾಗ ಒಂದು ರನ್ ಬಾರದೇ ಹೋದದ್ದೂ ಅಷ್ಟೇ ನಿಜ. ಮೊದಲನೆಯದನ್ನು ನೆನೆಯುವವರು ಎರಡನೆಯದನ್ನೂ ನೆನೆಯುತ್ತಾರೆ ಎಂಬುದು ಆ ಊರಿನ ಅಭಿಮಾನಿಗಳ ಪ್ರಾಮಾಣಿಕತೆಗೆ ಸಾಕ್ಷಿ. ಮೂರು ಬಾರಿ ಬ್ಯಾಟಿಂಗ್ ಕಿರೀಟ ಗೆದ್ದು 2024ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮಾವರ್ ಆಡಿದ ಹತ್ತು ಪ್ಲೇಆಫ್ ಪಂದ್ಯಗಳಲ್ಲಿ ಹತ್ತೂ ಸೋಲು.

2010ರಲ್ಲಿ ಹೊಸ ಕ್ರೀಡಾಂಗಣ ಟಾರ್ಗೆಟ್ ಫೀಲ್ಡ್, 94 ಗೆಲುವು, ಮತ್ತದೇ ಯಾಂಕೀಸ್, ಮೂರು ಸೋಲು. 2017ರಲ್ಲಿ ಒಂದೇ ಪಂದ್ಯದ ವೈಲ್ಡ್ ಕಾರ್ಡ್ ಸುತ್ತು. ಟ್ವಿನ್ಸ್ ಮೊದಲ ಸರದಿಯಲ್ಲೇ ಗಳಿಸಿದ ಮೂರು ರನ್‌ಗಳನ್ನು ಯಾಂಕೀಸ್ ತನ್ನ ಮೊದಲ ಸರದಿಯಲ್ಲೇ ಸರಿಗಟ್ಟಿ, ಆಮೇಲೆ ಪಂದ್ಯವನ್ನೂ ಗೆದ್ದಿತು.

2019ರ ಸೋಲಿಗೆ ಮಾತ್ರ ಅದೃಷ್ಟವನ್ನು ದೂರುವುದು ಸರಿಯಲ್ಲ. ಆ ವರ್ಷ ಟ್ವಿನ್ಸ್ 307 ಹೋಮ್ ರನ್ ಬಾರಿಸಿ ಲೀಗ್ ದಾಖಲೆ ಬರೆಯಿತು, 101 ಪಂದ್ಯ ಗೆದ್ದಿತು. ಬ್ಯಾಟಿಂಗ್ ಸಮೃದ್ಧಿಯ ಹಿಂದೆ ಪಿಚಿಂಗ್ ಬಡವಾಗಿತ್ತು. ಐದು ದಿನಕ್ಕೊಮ್ಮೆ ಸರದಿ ಬರುವ ಪಿಚರ್‌ಗಳಲ್ಲಿ ಅಗ್ರಶ್ರೇಣಿಯವರ ಕೊರತೆ 162 ಪಂದ್ಯಗಳ ನಡುವೆ ಮುಚ್ಚಿಹೋಗುತ್ತದೆ, ಪ್ಲೇಆಫ್‌ನಲ್ಲಿ ಎದ್ದುಕಾಣುತ್ತದೆ. ನಿಷೇಧಿತ ಔಷಧದ ಕಾರಣಕ್ಕೆ ಮೈಕಲ್ ಪಿನೆಡಾ ಅಮಾನತಾಗಿದ್ದ. ಯಾಂಕೀಸ್ ಎದುರಿನ ಎರಡನೇ ಪಂದ್ಯದಲ್ಲಿ ಚೆಂಡು ಹಿಡಿದದ್ದು ರ‍್ಯಾಂಡಿ ಡಾಬ್ನಾಕ್, ಹಿಂದೆ ಹೊಟ್ಟೆಪಾಡಿಗೆ ಬಾಡಿಗೆ ಕಾರು ಓಡಿಸುತ್ತಿದ್ದ ಹೊಸಬ. ಮೂರನೇ ಇನಿಂಗ್ಸ್‌ನಲ್ಲೇ ಯಾಂಕೀಸ್ ಏಳು ರನ್ ಪೇರಿಸಿತು. ಅಲ್ಲಿಯವರೆಗೆ ಬಂದದ್ದೇ ಆ ಹುಡುಗನ ಹೆಚ್ಚುಗಾರಿಕೆ. ಅವನನ್ನು ಅಲ್ಲಿ ನಿಲ್ಲಿಸಬೇಕಾಗಿ ಬಂದದ್ದು ತಂಡ ಕಟ್ಟಿದವರ ಕೊರತೆ. 2020ರಲ್ಲಿ ಸೋಂಕಿನ ಕಾಲದ 60 ಪಂದ್ಯಗಳ ಸೀಸನ್. ಗೆಲುವಿಗಿಂತ ಸೋಲೇ ಹೆಚ್ಚಿದ್ದ ಹ್ಯೂಸ್ಟನ್ ಆಸ್ಟ್ರೋಸ್ ಖಾಲಿ ಕ್ರೀಡಾಂಗಣದಲ್ಲಿ ಟ್ವಿನ್ಸನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿತು. ಎರಡನೆಯದರಲ್ಲಿ ಸಮಸ್ಥಿತಿ ಮುರಿದ ಹೋಮ್ ರನ್ ಕಾರ್ಲೋಸ್ ಕೊರೆಯಾನದ್ದು.

ಪಾಠ ಕಲಿತದ್ದು 2023ರ ಜನವರಿಯಲ್ಲಿ ಕಂಡಿತು. ಹಿಂದಿನ ವರ್ಷವಷ್ಟೇ ಬ್ಯಾಟಿಂಗ್ ಕಿರೀಟ ಗೆದ್ದಿದ್ದ ಲೂಯಿಸ್ ಅರಾಯೆಸ್‌ನನ್ನು ಮಯಾಮಿಗೆ ಬಿಟ್ಟುಕೊಟ್ಟು ಪಿಚರ್ ಪಾಬ್ಲೊ ಲೋಪೆಸ್‌ನನ್ನು ತಂದರು. ಪ್ರೀತಿಯ ಆಟಗಾರ ಹೋದನೆಂದು ಅಭಿಮಾನಿಗಳು ಮರುಗಿದರು. ಅಕ್ಟೋಬರ್ 3ರಂದು ಟೊರಾಂಟೊ ಬ್ಲೂ ಜೇಸ್ ಎದುರಿನ ಮೊದಲ ಪಂದ್ಯಕ್ಕೆ ಲೋಪೆಸ್ ಕ್ರೀಡಾಂಗಣಕ್ಕೆ ಬಂದದ್ದು ತನ್ನದೇ ನಾಡಿನ ಸಂಟಾನನ ಹೆಸರಿನ ಹಳೆಯ ಟ್ವಿನ್ಸ್ ಜೆರ್ಸಿ ತೊಟ್ಟು. ಗಾಯದಿಂದ ಆಗಷ್ಟೇ ಮರಳಿದ್ದ ರಾಯ್ಸ್ ಲೂಯಿಸ್ ತನ್ನ ಮೊದಲ ಎರಡು ಸರದಿಗಳಲ್ಲೂ ಹೋಮ್ ರನ್ ಬಾರಿಸಿದ. ಟೊರಾಂಟೊ ರನ್ ಗಳಿಸಲಿದ್ದ ಕ್ಷಣದಲ್ಲಿ ಚೆಂಡೆತ್ತಿ ಹೋಮ್ ಪ್ಲೇಟ್‌ಗೆ ಎಸೆದು ಓಟಗಾರನನ್ನು ಔಟ್ ಮಾಡಿದ್ದು ಅದೇ ಕೊರೆಯಾ. ಅಷ್ಟರಲ್ಲಿ ಅವನು ಟ್ವಿನ್ಸ್ ಆಟಗಾರನಾಗಿದ್ದ. 3–1. ಹತ್ತೊಂಬತ್ತು ವರ್ಷಗಳ ನಂತರ ಒಂದು ಗೆಲುವು. ಸೋಲಿನ ಸರಪಳಿ ಶುರುವಾದಾಗ ಹುಟ್ಟಿದ ಮಕ್ಕಳು ಅಷ್ಟರಲ್ಲಿ ಕಾಲೇಜು ಸೇರಿದ್ದರು.

ಮರುದಿನದ 2–0 ಗೆಲುವಿನೊಂದಿಗೆ ಮಿನೆಸೋಟದ ಅಳಲು ಗಡಿಯಾಚೆ ಕೆನಡಾಕ್ಕೆ ದಾಟಿತು. ಟೊರಾಂಟೊ ಪಿಚರ್ ಹೋಸೆ ಬೆರಿಯೋಸ್ ಚೆನ್ನಾಗಿಯೇ ಎಸೆಯುತ್ತಿದ್ದ. 47 ಎಸೆತಗಳಿಗೇ, ನಾಲ್ಕನೇ ಇನಿಂಗ್ಸ್‌ನ ಆರಂಭದಲ್ಲೇ ಅವನನ್ನು ತೆಗೆದು ಎಡಗೈ ಪಿಚರ್‌ನನ್ನು ಇಳಿಸಿದರು. ಅದೇ ಇನಿಂಗ್ಸ್‌ನಲ್ಲಿ ಪಂದ್ಯದ ಎರಡೂ ರನ್ ಬಂದವು. ಕಣ್ಣೆದುರಿನ ಆಟಕ್ಕಿಂತ ಮೊದಲೇ ಹಾಕಿಟ್ಟ ಲೆಕ್ಕಾಚಾರಕ್ಕೆ ಬೆಲೆ ಕೊಟ್ಟರೆಂದು ಟೊರಾಂಟೊ ಅಭಿಮಾನಿಗಳು ಸಿಟ್ಟಾದರು. ತಂಡ ಒಂದು ರನ್ನನ್ನೂ ಗಳಿಸದಿದ್ದ ಪಂದ್ಯದಲ್ಲಿ ಪಿಚರ್ ಬದಲಾವಣೆಯೊಂದೇ ಸೋಲಿಗೆ ಕಾರಣವಾಗಲಾರದು. ಆದರೆ ಸೋತವರ ನೆನಪು ಯಾವಾಗಲೂ ಒಂದು ಮುಖ, ಒಂದು ಗಳಿಗೆ ಹುಡುಕುತ್ತದೆ. ಮಿನೆಸೋಟಕ್ಕೆ 2009ರ ಅಂಪೈರ್ ಹೇಗೋ ಟೊರಾಂಟೊಗೆ ಆ ಬದಲಾವಣೆ ಹಾಗೆ.

ಮುಂದಿನ ಸುತ್ತಿನಲ್ಲಿ ಟ್ವಿನ್ಸ್ ಆಸ್ಟ್ರೋಸ್ ಎದುರು 3–1ರಿಂದ ಸರಣಿ ಸೋತಿತು. ಆ ಸೋಲಿನ ಬಗ್ಗೆ ಊರಲ್ಲಿ ಹೆಚ್ಚು ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ. ಟಿ.ವಿ. ಪ್ರಸಾರದ ಆದಾಯ ಅನಿಶ್ಚಿತವಾದಾಗ ಮಾಲೀಕರು ಆಟಗಾರರ ಸಂಬಳದ ಒಟ್ಟು ಮೊತ್ತವನ್ನು ಇಳಿಸಿದರು. 2024ರ ಕೊನೆಯ 39 ಪಂದ್ಯಗಳಲ್ಲಿ 27 ಸೋತು ತಂಡ ಪ್ಲೇಆಫ್ ಕಳೆದುಕೊಂಡಿತು. 2025ರ ಜುಲೈನಲ್ಲಿ ಒಂದರ ಹಿಂದೊಂದು ವ್ಯವಹಾರದಲ್ಲಿ ಹಲವು ಪ್ರಮುಖರನ್ನು ಬಿಟ್ಟುಕೊಟ್ಟರು; ಕೊರೆಯಾ ಮರಳಿ ಹ್ಯೂಸ್ಟನ್ ಸೇರಿದ. ಆ ಸೀಸನ್ ಮುಗಿದದ್ದು 70 ಗೆಲುವು, 92 ಸೋಲಿನೊಂದಿಗೆ. 2001ರಲ್ಲಿ ಲೀಗ್‌ನ ಮಾಲೀಕರು ಎರಡು ತಂಡಗಳನ್ನು ಮುಚ್ಚಲು ಹೊರಟಾಗ ಮುಂದಿದ್ದ ಹೆಸರುಗಳಲ್ಲಿ ಟ್ವಿನ್ಸ್ ಒಂದಾಗಿತ್ತು, ಕ್ರೀಡಾಂಗಣದ ಕರಾರು ಪಾಲಿಸಬೇಕೆಂದು ಮಿನೆಸೋಟದ ನ್ಯಾಯಾಲಯ ಹೇಳಿದ್ದರಿಂದ ಅದು ಉಳಿದಿತ್ತು. ಅದನ್ನು ನೆನಪಿಟ್ಟುಕೊಂಡವರು ಪಂದ್ಯ ಸೋತ ಆಟಗಾರರನ್ನು ಕ್ಷಮಿಸಿದಷ್ಟು ಸುಲಭವಾಗಿ ಈ ನಿರ್ಧಾರಗಳನ್ನು ಕ್ಷಮಿಸಲಿಲ್ಲ, ಕ್ಷಮಿಸಬೇಕಾಗಿಯೂ ಇರಲಿಲ್ಲ.

2025ರ ಸೀಸನ್ನಿನ ಕೊನೆಯವರೆಗೆ ಟಾರ್ಗೆಟ್ ಫೀಲ್ಡ್ ಕಂಡ ಕೊನೆಯ ಪ್ಲೇಆಫ್ ಪಂದ್ಯ 2023ರ ಅಕ್ಟೋಬರ್ 11ರದ್ದು. ಒಂದು ರನ್ ಅಂತರ, 3–2. ಕೊನೆಯ ಇನಿಂಗ್ಸ್ ಎಸೆದ ಆಸ್ಟ್ರೋಸ್ ಪಿಚರ್ ರಯಾನ್ ಪ್ರೆಸ್ಲಿ 2018ರವರೆಗೆ ಟ್ವಿನ್ಸ್ ತಂಡದಲ್ಲಿದ್ದವನು.