ಅಚ್ಚಾದರೂ ನಕಲಲ್ಲ: ಎಚ್ಚಿಂಗ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಗದಗ: ಅವಳಿ ನಗರ ಗದಗ-ಬೆಟಗೇರಿಗೆ ‘ಮುದ್ರಣ ಕಾಶಿ’ ಎಂಬ ಹೆಸರಿದೆ. ಪುಸ್ತಕ, ಕ್ಯಾಲೆಂಡರ್, ಲಗ್ನಪತ್ರಿಕೆಗಳನ್ನು ಅಚ್ಚು ಹಾಕುವ ಊರಿನಲ್ಲಿ ‘ಅಚ್ಚು’ ಎಂದರೆ ಬೇಕಾದಷ್ಟು ತೆಗೆಯಬಹುದಾದ ಪ್ರತಿ ಎಂಬ ಭಾವನೆ ಸಹಜ. ಆದ್ದರಿಂದಲೇ ಕಲಾವಿದರೊಬ್ಬರ ಎಚ್ಚಿಂಗ್ ಚಿತ್ರಕ್ಕೆ ಸಾವಿರಾರು ರೂಪಾಯಿ ಬೆಲೆ ಕೇಳಿದಾಗ ಅಚ್ಚರಿಯಾಗುತ್ತದೆ. ಈ ಗೊಂದಲದಿಂದ ಎರಡು ಬಗೆಯ ನಷ್ಟವುಂಟು. ಮೂಲ ಕೃತಿಯೊಂದು ರದ್ದಿಯೊಡನೆ ಹೋಗಬಹುದು. ಇಲ್ಲವೇ ಬರಿಯ ಆಫ್‌ಸೆಟ್ ಪ್ರತಿಗೆ ಮೂಲ ಕೃತಿಯ ಬೆಲೆ ತೆರಬೇಕಾಗಬಹುದು.

ಬ್ಲಾಕ್‌ಗೂ ಎಚ್ಚಿಂಗ್‌ಗೂ ಇರುವ ಅಂತರ

ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಮುದ್ರಕರಿಗೆ ಸತುವಿನ ಬ್ಲಾಕ್ ಪರಿಚಿತ. ಅದರಲ್ಲಿ ಚಿತ್ರದ ಗೆರೆಗಳನ್ನು ಉಳಿಸಿ ಮಿಕ್ಕ ಭಾಗವನ್ನು ಆಮ್ಲದಿಂದ ತಿನ್ನಿಸುತ್ತಿದ್ದರು. ಎಬ್ಬಿದ ಗೆರೆಗೆ ಮಸಿ ಹತ್ತುತ್ತಿತ್ತು. ಎಚ್ಚಿಂಗ್ ಇದಕ್ಕೆ ತದ್ವಿರುದ್ಧ. ತಾಮ್ರ ಅಥವಾ ಸತುವಿನ ತಗಡಿಗೆ ಮೇಣ ಬೆರೆತ ಲೇಪ ಹಚ್ಚಿ, ಕಲಾವಿದರು ಸೂಜಿಯಿಂದ ಚಿತ್ರ ಗೀಚುತ್ತಾರೆ. ಗೀಚಿದ ಕಡೆ ಮಾತ್ರ ಆಮ್ಲ ಲೋಹವನ್ನು ಕೊರೆಯುತ್ತದೆ. ಆ ತಗ್ಗುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ತೇವಗೊಳಿಸಿದ ದಪ್ಪ ಕಾಗದವನ್ನಿಟ್ಟು ಉರುಳೆಯ ಯಂತ್ರದಲ್ಲಿ ಒತ್ತಿದಾಗ ಚಿತ್ರ ಮೂಡುತ್ತದೆ. ಪ್ರತಿಯೊಂದು ಹಾಳೆಗೂ ಈ ಕೈಕೆಲಸ ಮೊದಲಿನಿಂದ ನಡೆಯಬೇಕು. ಬೇರೊಂದು ಚಿತ್ರದಿಂದ ನಕಲು ತೆಗೆದದ್ದಲ್ಲವಾದ್ದರಿಂದ ಹೀಗೆ ಬಂದ ಪ್ರತಿ ಹಾಳೆಯೂ ಮೂಲ ಕೃತಿಯೇ.

ಆಧುನಿಕ ಭಾರತೀಯ ಕಲೆಯಲ್ಲಿ ಈ ಮಾಧ್ಯಮಕ್ಕೆ ಗೌರವದ ಸ್ಥಾನವಿದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರ್ (1911-1996) ಪ್ಯಾರಿಸ್‌ನಲ್ಲಿ ಗ್ರಾಫಿಕ್ ಕಲೆಯನ್ನು ಅಭ್ಯಸಿಸಿದರು. ಕೃಷ್ಣಾ ರೆಡ್ಡಿ (1925-2018) ಒಂದೇ ತಗಡಿನಿಂದ ಹಲವು ಬಣ್ಣ ಮೂಡಿಸುವ ವಿಧಾನವನ್ನು ಬೆಳೆಸಿ ವಿಶ್ವಖ್ಯಾತರಾದರು. ಕೆ. ಲಕ್ಷ್ಮಾ ಗೌಡ ಅವರು ತೆಲಂಗಾಣದ ಹಳ್ಳಿಯ ಬದುಕನ್ನು ಎಚ್ಚಿಂಗ್‌ನ ಗೆರೆಗಳಲ್ಲಿ ಹಿಡಿದರು.

ಪೆನ್ಸಿಲ್ ಅಂಕಿಯ ಅರ್ಥ

ಚಿತ್ರದ ಕೆಳಗೆ ಪೆನ್ಸಿಲ್‌ನಿಂದ 12/50 ಎಂದು ಬರೆದಿದ್ದರೆ, ಒಟ್ಟು 50 ಹಾಳೆಗಳ ಆವೃತ್ತಿಯಲ್ಲಿ ಅದು 12ನೆಯದು ಎಂದರ್ಥ. ‘ಎ.ಪಿ.’ ಎಂದಿದ್ದರೆ ಕಲಾವಿದರು ತಮಗಾಗಿ ಇರಿಸಿಕೊಂಡ ಪ್ರತಿ. ಒಂದನೆಯ ಹಾಳೆಗೆ ಹೆಚ್ಚು ಬೆಲೆ ಎಂಬುದು ತಪ್ಪು ತಿಳಿವಳಿಕೆ. ಅಂಕಿ ಹಾಕಿದ ಕ್ರಮವೂ ಒತ್ತಿದ ಕ್ರಮವೂ ಒಂದೇ ಆಗಿರಬೇಕೆಂದಿಲ್ಲ.

ಅಂಕಿ ಒಂದು ವಚನ ಮಾತ್ರ. ಅದನ್ನು ಕಾಯಬೇಕಾದರೆ ಆವೃತ್ತಿ ಮುಗಿದ ಬಳಿಕ ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ರದ್ದುಪಡಿಸಬೇಕು. ರದ್ದಾಗದ ತಗಡಿನ ಕಥೆಗೆ ಸ್ಪೇನಿನ ಗೋಯಾ ನಿದರ್ಶನ. 1799ರಲ್ಲಿ ಪ್ರಕಟವಾದ ಅವರ 80 ಚಿತ್ರಗಳ ‘ಕಾಪ್ರಿಚೋಸ್’ ಮಾಲೆಯ ತಗಡುಗಳು 1803ರಲ್ಲಿ ಅರಸನ ವಶವಾದವು. ಕಲಾವಿದರು ತೀರಿಕೊಂಡ ಮೇಲೂ 20ನೆಯ ಶತಮಾನದವರೆಗೆ ಅವುಗಳಿಂದ ಹೊಸ ಆವೃತ್ತಿಗಳು ಬಂದವು. ತಗಡು ಸವೆದಂತೆ ಗೆರೆಗಳು ಮಂಕಾದವು. ಚಿತ್ರ ಅದೇ ಆದರೂ ಮೊದಲ ಆವೃತ್ತಿಗೂ ಕೊನೆಯದಕ್ಕೂ ಬೆಲೆಯಲ್ಲಿ ಅಜಗಜಾಂತರ. ಸಹಿಯೊಂದನ್ನೇ ನಂಬುವುದೂ ಸಲ್ಲದು. ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೆ ರಾಶಿಗಟ್ಟಲೆ ಸಹಿ ಹಾಕಿದ್ದ ಸಂಗತಿ 1970ರ ದಶಕದಲ್ಲಿ ಬಯಲಾಗಿತ್ತು.

ಪರೀಕ್ಷೆ ಹೇಗೆ?

ಭೂತಗನ್ನಡಿ ಹಿಡಿದು ನೋಡುವುದು ಮೊದಲ ಹೆಜ್ಜೆ. ಸಾಲುಸಾಲಾದ ಚುಕ್ಕೆಗಳು ಕಂಡರೆ ಅದು ಆಫ್‌ಸೆಟ್. ಎಚ್ಚಿಂಗ್‌ನಲ್ಲಿ ಗೆರೆ ಅಖಂಡವಾಗಿದ್ದು, ಮಸಿ ಕಾಗದದ ಮೇಲೆ ತುಸು ಎದ್ದಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ. ಆದರೆ ಈ ತಗ್ಗನ್ನು ಕೃತಕವಾಗಿಯೂ ಮೂಡಿಸಬಹುದಾದ್ದರಿಂದ ಅದೊಂದೇ ಸಾಕ್ಷಿಯಾಗಲಾರದು.

ಕಲಾವಿದರ ಹೆಸರು, ಆ ಚಿತ್ರಕ್ಕೆ ಅವರ ಸಾಧನೆಯಲ್ಲಿರುವ ಸ್ಥಾನ, ಆವೃತ್ತಿಯ ಗಾತ್ರ, ಒತ್ತಿನ ಸ್ಪಷ್ಟತೆ, ಕಾಗದದ ಸ್ಥಿತಿ ಹಾಗೂ ಯಾರಿಂದ ಯಾರಿಗೆ ಬಂತು ಎಂಬ ದಾಖಲೆ, ಇವಿಷ್ಟೂ ಸೇರಿ ಬೆಲೆ ನಿರ್ಧಾರವಾಗುತ್ತದೆ. ಅದೇ ಆವೃತ್ತಿಯ ಮತ್ತೊಂದು ಹಾಳೆ ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು ಎಂಬುದು ಉತ್ತಮ ಅಳತೆಗೋಲು. ಮುಂಬೈನ ಸ್ಯಾಫ್ರನ್‌ಆರ್ಟ್‌ನಂಥ ಹರಾಜು ಸಂಸ್ಥೆಗಳ ಹಿಂದಿನ ಹರಾಜುಗಳ ಫಲಿತಾಂಶ ಅಂತರ್ಜಾಲದಲ್ಲಿ ಸಿಗುತ್ತದೆ. ಅಂಗಡಿಯವರು ಹೇಳುವ ಬೆಲೆ ಬೇರೆ, ಮಾರಲು ಹೋದಾಗ ಕೈಗೆ ಬರುವ ಹಣ ಬೇರೆ ಎಂಬುದನ್ನು ಮರೆಯಬಾರದು.

ಮನೆಯಲ್ಲಿ ಕಾಪಾಡುವ ಬಗೆ

ಚೌಕಟ್ಟಿಗೆ ಸರಿಹೊಂದಿಸಲು ಅಂಚು ಕತ್ತರಿಸಿದರೆ ಬೆಲೆಯೂ ಕತ್ತರಿಸಿದಂತೆಯೇ. ಹಿಂಬದಿಗೆ ಮಾಮೂಲಿ ರಟ್ಟು ಹಾಕಿದರೆ ಅದರಲ್ಲಿನ ಆಮ್ಲ ಕಾಗದವನ್ನು ಕಂದಾಗಿಸುತ್ತದೆ. ಆಮ್ಲರಹಿತ ರಟ್ಟನ್ನೇ ಕೇಳಿ ಹಾಕಿಸಬೇಕು. ಅಂಟುಪಟ್ಟಿ, ನೇರ ಬಿಸಿಲು, ಮಳೆಗಾಲದ ಹಸಿಗೋಡೆ ಮೂರೂ ವೈರಿಗಳು. ಗಾಜು ಚಿತ್ರಕ್ಕೆ ತಾಗಬಾರದು. ಕೊಂಡ ರಸೀದಿಯನ್ನು ಜೋಪಾನವಾಗಿಡಬೇಕು.

ಗದಗಿನಲ್ಲಿ ಟಿ. ಪಿ. ಅಕ್ಕಿ ಅವರು ಕಟ್ಟಿದ ವಿಜಯ ಕಲಾ ಮಂದಿರ ತಲೆಮಾರುಗಳಿಗೆ ಚಿತ್ರಕಲೆ ಕಲಿಸಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಲ್ಲಿಯೂ ಡ್ರಾಯಿಂಗ್ ಮಾಸ್ತರರ ಹಳೆಯ ಹಾಳೆಗಳು ಟ್ರಂಕಿನ ತಳದಲ್ಲಿರಬಹುದು. ಅವುಗಳಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆ ಬಾರದೆ ಹೋಗಬಹುದು. ಆದರೂ ರದ್ದಿಗೆ ಹಾಕುವ ಮುನ್ನ ಹಾಳೆಯ ಕೆಳ ಅಂಚಿನಲ್ಲಿ ಪೆನ್ಸಿಲ್ ಬರಹವಿದೆಯೇ ಎಂದು ಒಮ್ಮೆ ನೋಡುವುದು ಒಳಿತು.