ಸಹ ಆಟಗಾರನ ಸಾಕ್ಷ್ಯ

ರಗ್ಬಿ ನಮ್ಮ ಮನೆಮಾತಿನ ಆಟವಲ್ಲ. ಆದರೂ ಇಂಗ್ಲೆಂಡಿನ ರಗ್ಬಿ ಪಟು ಜೇಸನ್ ರಾಬಿನ್ಸನ್ನರ ಬದುಕನ್ನು ಈ ವಾರ ವಾಚಕ ಕುಟುಂಬಗಳ ಮುಂದಿಡಲು ನಾವು ಬಯಸಿದ್ದೇವೆ. ಕುಡಿತದ ಪಿಡುಗು ನಮ್ಮ ಮನೆಗಳಿಗೂ ಅಪರಿಚಿತವಲ್ಲವಷ್ಟೆ.

ರಗ್ಬಿಯಲ್ಲಿ ಎರಡು ಪ್ರಕಾರಗಳಿವೆ. ಶನಿವಾರ ಆಡಲು ಬಂದು ಅಂದಿನ ಕೂಲಿ ಕಳೆದುಕೊಳ್ಳುತ್ತಿದ್ದ ಗಣಿ ಹಾಗೂ ಗಿರಣಿ ಕಾರ್ಮಿಕರಿಗೆ ಪರಿಹಾರ ಕೊಡಬಹುದೇ ಎಂಬ ವಿವಾದದಿಂದ 1895ರಲ್ಲಿ ಉತ್ತರ ಇಂಗ್ಲೆಂಡಿನ ಸಂಘಗಳು ಬೇರೆಯಾದವು. ಅವುಗಳ ಆಟವೇ ಮುಂದೆ 13 ಮಂದಿಯ 'ಲೀಗ್' ಆಯಿತು. 15 ಮಂದಿಯ 'ಯೂನಿಯನ್' ಹವ್ಯಾಸಿ ಆಟವಾಗಿಯೇ ಉಳಿದು, ಲೀಗಿಗೆ ಹೋದವರಿಗೆ ಬಾಗಿಲು ಮುಚ್ಚಿತು. ಬಡವನ ಒಂದು ದಿನದ ಕೂಲಿಗಾಗಿ ನೂರು ವರ್ಷಗಳ ಮುನಿಸು! ಯೂನಿಯನ್ ವೃತ್ತಿಪರ ಆಟವಾದುದು 1995ರಲ್ಲಿ.

ರಾಬಿನ್ಸನ್ 1974ರಲ್ಲಿ ಲೀಡ್ಸ್ ನಗರದಲ್ಲಿ ಜನಿಸಿದರು. ಜಮೈಕಾ ಮೂಲದ ತಂದೆಯ ಆಸರೆ ಅವರಿಗೆ ದೊರೆಯಲಿಲ್ಲ. ಸ್ಕಾಟ್ಲೆಂಡಿನ ತಾಯಿಯೇ ಸಾಕಿದರು. ಹದಿಹರೆಯದಲ್ಲೇ ವಿಗನ್ ಲೀಗ್ ತಂಡ ಸೇರಿದ ಯುವಕನಿಗೆ ಕೈತುಂಬ ಹಣವೂ ಕೀರ್ತಿಯೂ ಬಂದವು; ಜೊತೆಗೆ ಮದ್ಯವೂ ಬಂದಿತು. ಮೈದಾನದಲ್ಲಿ ಜಯಘೋಷ, ಮನಸ್ಸಿನಲ್ಲಿ ಶೂನ್ಯ.

ಅದೇ ತಂಡಕ್ಕೆ ವಾಇಂಗಾ ತುಇಂಗಾಮಾಲಾ ಬಂದರು. ಸಮೋವಾದಲ್ಲಿ ಹುಟ್ಟಿ, ನ್ಯೂಜಿಲೆಂಡಿನ ಪರ ಯೂನಿಯನ್ ಆಡಿ, ನಿರ್ಬಂಧ ಇನ್ನೂ ಇದ್ದಾಗಲೇ ಲೀಗಿಗೆ ದಾಟಿದ ಬೃಹತ್ಕಾಯದ ಭಕ್ತ. ತನ್ನಷ್ಟೇ ಹೆಸರಿದ್ದ ಈ ಮನುಷ್ಯನಲ್ಲಿ ತನಗಿಲ್ಲದ ಶಾಂತಿಯಿರುವುದನ್ನು ರಾಬಿನ್ಸನ್ ಗಮನಿಸಿದರು. ಬೋಧನೆಗಿಂತ ಮೊದಲು ಅವರನ್ನು ಸೆಳೆದದ್ದು ಆ ಬಾಳುವೆ. ಕುಡಿತ ಬಿಟ್ಟು ಅವರು ಕ್ರಿಸ್ತನಿಗೆ ಶರಣಾದರು. ಇವರಿಬ್ಬರೂ ನಮ್ಮ ಕಥೋಲಿಕ ಧರ್ಮಸಭೆಯವರಲ್ಲ. ಹಾಗೆಂದು ಇವರ ಸಾಕ್ಷ್ಯವನ್ನು ನಾವು ಕಡೆಗಣಿಸಲಾರೆವು.

2000ದಲ್ಲಿ ರಾಬಿನ್ಸನ್ ಸೇಲ್ ತಂಡದ ಮೂಲಕ ಯೂನಿಯನ್ನಿಗೆ ಬಂದರು. ನಿಯಮಗಳೇ ಬೇರೆಯಾದ ಆಟದಲ್ಲಿ ಇಪ್ಪತ್ತಾರರ ವಯಸ್ಸಿನಲ್ಲಿ ಮತ್ತೆ ಅ-ಆ ಕಲಿಯಬೇಕಿತ್ತು. ಮರುವರ್ಷವೇ ಇಂಗ್ಲೆಂಡಿನ ಪರ ಆಡಿದರು. 2003ರ ನವೆಂಬರ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯವನ್ನು ಇಂಗ್ಲೆಂಡ್ 20-17ರಿಂದ ಸೋಲಿಸಿತು. ಅಂದು ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿದ, ಅಂದರೆ 'ಟ್ರೈ' ಗಳಿಸಿದ, ಏಕೈಕ ಇಂಗ್ಲಿಷ್ ಆಟಗಾರ ಅವರೇ. 2004ರಲ್ಲಿ ರಾಷ್ಟ್ರೀಯ ತಂಡದ ನಾಯಕತ್ವವೂ ದೊರೆಯಿತು.

ತುಇಂಗಾಮಾಲಾ ಕೂಡ ಯೂನಿಯನ್ನಿಗೆ ಮರಳಿ, ನ್ಯೂಕಾಸಲ್ ತಂಡದಲ್ಲೂ ಜನ್ಮಭೂಮಿ ಸಮೋವಾದ ಪರವೂ ಆಡಿದರು. ಆಟ ಮುಗಿದ ಮೇಲೆ ಅವರು ಆಯ್ದ ವೃತ್ತಿ ನಮ್ಮ ಮನಮುಟ್ಟಿತು: ಆಕ್ಲೆಂಡಿನಲ್ಲಿ ಅಂತ್ಯಕ್ರಿಯೆಗಳ ವ್ಯವಸ್ಥೆ. ಮೃತರನ್ನು ಸಮಾಧಿ ಮಾಡುವುದು ಏಳು ದೈಹಿಕ ದಯಾಕಾರ್ಯಗಳಲ್ಲಿ ಒಂದೆಂದು ನಾವು ಬಾಲ್ಯದ ಧರ್ಮೋಪದೇಶದಲ್ಲಿ ಕಂಠಪಾಠ ಮಾಡಿದವರು. ಪೆಸಿಫಿಕ್ ದ್ವೀಪಗಳಿಂದ ವಲಸೆ ಬಂದ ಅನೇಕ ಕುಟುಂಬಗಳು ತಮ್ಮವರನ್ನು ಮಣ್ಣಿಗೆ ಒಪ್ಪಿಸುವಾಗ ಈ ಹಳೆಯ ಆಟಗಾರ ಅವರ ಪಕ್ಕದಲ್ಲಿ ನಿಂತರು. 2022ರ ಫೆಬ್ರವರಿಯಲ್ಲಿ ಅವರು ಪ್ರಭುವಿನಲ್ಲಿ ನಿದ್ರೆಹೋದಾಗ ವಯಸ್ಸು 52.